ಟವೆಲ್ಲಿನ ಕೆಳಗೆ ಕೊಂಡ ಕಾರು

ಹೋದ ವಾರ ಶಿಕಾರಿಪುರದಿಂದ ಬಂದವರೊಬ್ಬರು ಹೇಳಿದರು, ಅವನು ಸತ್ತನಂತೆ. "ಸತ್ತೋರನ್ನ ಹಾಗೆಲ್ಲ ಅವನು ಇವನು ಅನ್ಬಾರ್ದು" ಅಂತ ನನ್ನ ಹೆಂಡತಿ ಗಿರಿಜ ಕಣ್ಣು ಬಿಟ್ಟಳು. ಬದುಕಿದ್ದಾಗ ಎದುರಿಗೆ ನಿಂತು ಅವನಿಗೆ ರೀ ರೀ ಅಂತ ಬೇಕಾದಷ್ಟು ಸಲ ಅಂದಿದ್ದೇನೆ, ಅಷ್ಟು ಮರ್ಯಾದೆ ಸಾಕು. ಹೆಸರೊಂದನ್ನು ಬರೆಯುವುದಿಲ್ಲ. ಅವನ ಮಕ್ಕಳು ಅದೇ ಊರಲ್ಲಿ ಮಾನವಾಗಿ ಬದುಕುತ್ತಿದ್ದಾರೆ, ಅವರು ನನಗೇನೂ ಮಾಡಿಲ್ಲ.

ಅವನು ದನದ ದಲ್ಲಾಳಿ. ಶಿಕಾರಿಪುರದ ಸಂತೆಯಲ್ಲಿ ಒಂದು ಹುಣಸೆಮರ ಇತ್ತು, ಅದರ ಬುಡವೇ ಅವನ ಆಫೀಸು. ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಎಡಗಡೆ ಹೆಗಲ ಮೇಲೆ ಕೆಂಪಂಚಿನ ಟವೆಲ್ಲು, ಮೈಯೆಲ್ಲ ಶೇಂಗಾ ಹಿಂಡಿಯ ವಾಸನೆ. ಮನುಷ್ಯರನ್ನು ನೋಡುವಾಗಲೂ ಮುಖ ನೋಡುತ್ತಿರಲಿಲ್ಲ. ಕಾಲಿನಿಂದ ಶುರುಮಾಡಿ ಮೇಲಕ್ಕೆ ಬರುತ್ತಿದ್ದ, ಕುತ್ತಿಗೆ ತನಕ ಬಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ನನ್ನನ್ನು ಮೊದಲ ಸಲ ನೋಡಿದ್ದೂ ಹಾಗೇ. ಬಾಯಿ ತೆಗೆಸಿ ಹಲ್ಲು ಎಣಿಸಲಿಲ್ಲ, ಅದೊಂದು ಉಪಕಾರ.

ಎತ್ತುಗಳ ವಿಷಯದಲ್ಲಿ ಮಾತ್ರ ಅವನಿಗೆ ವಿದ್ಯೆ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಹತ್ತು ಹೆಜ್ಜೆ ನಡೆಸಿ ನೋಡಿ, ಈ ಎತ್ತು ಯಾವ ಕಾಲಿನ ಗೊರಸು ನೋಯಿಸಿಕೊಂಡಿದೆ ಅಂತ ಹೇಳುತ್ತಿದ್ದ. ಒಂದು ದಿನವೂ ದನಕ್ಕೆ ಹೊಡೆದಿದ್ದನ್ನು ನಾನು ಕಂಡಿಲ್ಲ. "ಬಾರಪ್ಪ, ಹಿಂಗ ಬಾ ನನ್ನಪ್ಪ" ಅಂತ ಎತ್ತಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಾ ಮಾತಾಡುವಾಗ ಅವನ ದನಿಯೇ ಬೇರೆ. ಆ ಪ್ರೀತಿಯಲ್ಲಿ ಒಂದು ಕಾಳಿನಷ್ಟು ಮನುಷ್ಯರ ಕಡೆಗೆ ಉದುರಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಶಿವಮೊಗ್ಗ, ದಾವಣಗೆರೆ ಕಡೆಯ ಸಾಹುಕಾರರು, ಕಂಟ್ರಾಕ್ಟರುಗಳು ಹಳೇ ಕಾರುಗಳನ್ನು ಕೈಬಿಡಲು ಶುರುಮಾಡಿದರು. ಪೆಟ್ರೋಲಿನ ಬೆಲೆ ಏರಿದ ಮೇಲಂತೂ ಆ ದೊಡ್ಡ ದುಂಡು ಮೂತಿಯ ಗಾಡಿಗಳನ್ನು ಸಾಕುವುದು ಅವರಿಗೂ ಭಾರವಾಯಿತು. ನಮ್ಮ ದಲ್ಲಾಳಿಗೆ ಇದರ ವಾಸನೆ ಹೇಗೋ ಹತ್ತಿತು. ಸ್ಟೇರಿಂಗು ಹಿಡಿಯಲು ಬಾರದವನು, ಬಾನೆಟ್ಟಿನ ಕೆಳಗೆ ಏನಿರುತ್ತದೆ ಅಂತ ಗೊತ್ತಿಲ್ಲದವನು, ಕಾರಿನ ವ್ಯಾಪಾರಕ್ಕೆ ಇಳಿದ. ಹುಣಸೆಮರದ ಒಂದು ಪಕ್ಕ ಎತ್ತು, ಇನ್ನೊಂದು ಪಕ್ಕ ಕಾರು. ಟೈರನ್ನು ಗೊರಸಿನ ಹಾಗೆ ಬೆರಳಿನಿಂದ ತಟ್ಟುತ್ತಿದ್ದ, ಹಾರ್ನು ಒತ್ತಿಸಿ "ಗಂಟಲ ನೋಡ್ರಿ ಹ್ಯಾಂಗೈತಿ" ಅನ್ನುತ್ತಿದ್ದ. ಜನ ನಗುತ್ತಿದ್ದರು. ನಕ್ಕವರೇ ಆಮೇಲೆ ತಗೊಳ್ಳುತ್ತಿದ್ದರು, ನನ್ನ ಹಾಗೆ.

ನಾನು ಆಗ ಸೊರಬ ಶಿಕಾರಿಪುರ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಎಂಟು ವರ್ಷ ಮಾಲೀಕನ ಬೈಗುಳ ತಿಂದು ತಿಂದು ಹೊಟ್ಟೆ ತುಂಬಿತ್ತು. ಸ್ವಂತದ್ದೊಂದು ಟ್ಯಾಕ್ಸಿ, ನನ್ನ ಗಾಡಿ, ನನ್ನ ಕೀಲಿಕೈ, ಇಷ್ಟೇ ಆಸೆ. ಗಿರಿಜ ನಾಲ್ಕು ಚಿನ್ನದ ಬಳೆ ಬಿಚ್ಚಿ ಕೊಟ್ಟಳು. "ನೋಡಿ, ನಮ್ಮ ಹತ್ರ ಇರೋದು ಇಷ್ಟೇಯ. ಇದು ಕೈಬಿಟ್ರೆ ಮತ್ತೊಂದಿಲ್ಲ" ಅಂದಳು. ಎಂಟು ವರ್ಷ ಕೂಡಿಟ್ಟಿದ್ದನ್ನು ಅದಕ್ಕೆ ಸೇರಿಸಿ ಐದು ಸಾವಿರ ಮಾಡಿಕೊಂಡು ಸಂತೆಗೆ ಹೋದೆ.

ಮರದ ಕೆಳಗೆ ಬೂದಿ ಬಣ್ಣದ ಕಾರು ನಿಂತಿತ್ತು. ಹೊಸ ಪೇಂಟು, ಮೂತಿಗೆ ಚೆಂಡುಹೂವಿನ ಹಾರ. ಸಂತೆಗೆ ತರುವ ಮುಂಚೆ ಎತ್ತಿನ ಕೋಡು ಹೆರೆದು ಎಣ್ಣೆ ಹಚ್ಚುತ್ತಾರಲ್ಲ, ಹಾಗೆ ಮಿಂಚುತ್ತಿತ್ತು. ಕೆಳಗೆ ಬಗ್ಗಿ ನೋಡಿದರೆ ಗಾಡಿಯ ತಳಕ್ಕೆಲ್ಲ ದಪ್ಪಗೆ ಡಾಂಬರು ಬಳಿದಿತ್ತು.

"ಅದನ್ನ ನೋಡ್ರಿ ಮದ್ಲ" ಅಂದ ಅವನು. "ನಿಮ್ಮ ಸೊರಬದ ಕಡಿ ಮಳಿ ಅಂದ್ರ ಸುಮ್ನ ಮಾತಲ್ಲ. ತುಕ್ಕು ತಿಂದು ಹಾಕ್ತೈತಿ. ಅದಕ್ಕ ದಾವಣಗೆರಿಯೊಳಗ ಮುದ್ದಾಂ ಡಾಂಬರು ಬಳಿಸೀನಿ. ಇದಕ್ಕ ನಿಮ್ಮ ಹತ್ರ ಒಂದ್ ಪೈಸಾ ಕೇಳಂಗಿಲ್ಲ."

ಆಹಾ, ಎಂಥಾ ದೊಡ್ಡ ಮನಸ್ಸು ಅಂದುಕೊಂಡೆ. ಆ ಡಾಂಬರಿಗೆ ನಾನು ಕೈಮುಗಿಯುವುದೊಂದು ಬಾಕಿ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನು, ತಗೊಳ್ಳುವವನು ಕೈಗೆ ಕೈ ಕೊಡುತ್ತಾರೆ, ಮೇಲೆ ಟವೆಲ್ಲು ಬೀಳುತ್ತದೆ, ಒಳಗೆ ಬೆರಳು ಹಿಡಿದು ಒತ್ತುವುದೇ ಮಾತು. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು. ಟವೆಲ್ಲು ಎತ್ತಿದರೆ ವ್ಯಾಪಾರ ಮುಗಿಯಿತು, ಆಮೇಲೆ ತುಟಿ ಬಿಚ್ಚುವ ಹಾಗಿಲ್ಲ. ಕಾರನ್ನೂ ಅವನು ಹೀಗೇ ಮಾರುತ್ತಿದ್ದ. ನಾನು ಜನ್ಮದಲ್ಲಿ ದನ ಕೊಂಡವನಲ್ಲ, ಬೆರಳಿನ ಲೆಕ್ಕ ನನಗೆ ಸರಿಯಾಗಿ ಬರುತ್ತಿರಲಿಲ್ಲ. ಬರುವುದಿಲ್ಲ ಅಂತ ಹೇಳಲು ನಾಚಿಕೆ. ಡ್ರೈವರ್ ಅಂದ ಮೇಲೆ ನಾಲ್ಕು ಜನರ ಎದುರು ಗತ್ತು ಬೇಡವೇ? ಕೈ ಕೊಟ್ಟೆ. ಅವನ ಐದೂ ಬೆರಳು ಹಿಡಿದೆ, ಐದು ಸಾವಿರ. ಅವನು ನನ್ನ ಒಂದು ಬೆರಳು ಹಿಡಿದು ಒತ್ತಿದ. ಮೇಲೊಂದು ನೂರು ಕೇಳುತ್ತಿದ್ದಾನೆ ಅಂತ ತಿಳಿದು ಆಗಲಿ ಅಂತ ತಲೆಯಾಡಿಸಿದೆ. ಟವೆಲ್ಲು ಎತ್ತಿದ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ "ಆರು ಸಾವಿರ ಆತು" ಅಂದ.

ನಾನು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ಟವೆಲ್ ಎತ್ತಿದ ಮ್ಯಾಲ ಮಾತಾಡಬಾರದ್ರಿ ಡ್ರೈವರ್ರೇ. ಸಂತಿ ನಗ್ತೈತಿ."

ಸಂತೆ ನಗುತ್ತದೆ ಅಂತ ಹೆದರಿಕೊಂಡು ಸಾವಿರ ರೂಪಾಯಿ ಕಳಕೊಂಡ ಮುಠ್ಠಾಳ ನಾನು. ಬಳೆಯ ಹಿಂದೆ ಗಿರಿಜಳ ಕೊರಳಿನ ಸರವೂ ಹೋಯಿತು. ಅಷ್ಟಕ್ಕೂ ಬಿಡಲಿಲ್ಲ ಆಸಾಮಿ. ಕೀಲಿಕೈ ಕೊಡುವ ಮುಂಚೆ ಡಿಕ್ಕಿ ತೆಗೆಸಿ ಒಳಗಿದ್ದ ಸ್ಟೆಪ್ನಿ ಚಕ್ರವನ್ನು ಹೊರಗೆ ಉರುಳಿಸಿಕೊಂಡ. ಇದೇನ್ರೀ ಅಂದರೆ, "ಎತ್ತು ಕೊಟ್ರ ಹಗ್ಗ ಕೊಡಂಗಿಲ್ಲ. ಹಗ್ಗ ಕೊಟ್ರ ಮನಿ ಲಕ್ಷ್ಮಿ ಹೊಂಟು ಹೋಗ್ತಾಳ" ಅಂದ. ಕಾರಿಗೆ ಎಲ್ಲಿಯ ಹಗ್ಗ ಅಂತ ಕೇಳುವಷ್ಟರಲ್ಲಿ ಚಕ್ರ ಮರದ ಹಿಂದೆ ಹೋಗಿಯಾಗಿತ್ತು. ನಾನು ಗಾಡಿಗೆ ಹತ್ತಿದೆ. ಕಿಟಕಿಗೆ ಬಾಗಿ "ಮೆಲ್ಲಕ ಹೋಗ್ರಿ" ಅಂದ.

ಮೊದಲ ಬಾಡಿಗೆ ಹೆಣ್ಣು ನೋಡಲು ಹೊರಟವರದ್ದು. ಬಳ್ಳಿಗಾವಿ ದಾಟುವಾಗ ಬಾನೆಟ್ಟಿನಿಂದ ಹೊಗೆ ಬಂತು. ರೇಡಿಯೇಟರಿನ ಮುಚ್ಚಳ ತೆಗೆದರೆ ಬುಸ್ ಅಂತ ಹಳದಿ ನೀರು ಚಿಮ್ಮಿ ನನ್ನ ಅಂಗಿ, ಗಂಡಿನ ಸೋದರಮಾವನ ಪಂಚೆ, ಎಲ್ಲ ಅರಿಶಿನ. ಗಾಡಿಯಲ್ಲಿದ್ದ ಅಜ್ಜಿಯೊಂದು "ಅಯ್ಯೋ ಶಿವನೇ, ಹುಡ್ಗಿ ನೋಡೋಕೆ ಮೊದ್ಲೇ ಅರಿಶಿನ ಶಾಸ್ತ್ರ ಆಯ್ತಲ್ಲೋ" ಅಂತ ನಕ್ಕಿದ್ದೇ ನಕ್ಕಿದ್ದು. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿದರೆ ನಾಲ್ಕು ದಿನ ತೂತು ಮುಚ್ಚಿಕೊಳ್ಳುತ್ತದೆ. ನಾಲ್ಕು ದಿನ ಮುಗಿದಿತ್ತು. ಬೆಸುಗೆ ಹಾಕಿಸಲು ಎಪ್ಪತ್ತು ರೂಪಾಯಿ ಬಿತ್ತು.

ಆಮೇಲೆ ಗೇರ್‌ಬಾಕ್ಸು. ಶಿಕಾರಿಪುರದ ಮೆಕ್ಯಾನಿಕ್ಕು ದಸ್ತಗೀರ್ ಸಾಬರು ಅದನ್ನು ಬಿಚ್ಚಿ, ಒಳಗಿನ ಗ್ರೀಸನ್ನು ಬೆರಳಿನಿಂದ ತೆಗೆದು ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಗ್ರೀಸಿನ ತುಂಬ ಮರದ ಹೊಟ್ಟು. "ಸಾಗವಾನಿ ಮರದ್ದು ಐತ್ರಿ. ಹಲ್ಲು ಸವದು ಗರಗರ ಅಂತಿತ್ತು, ಹೊಟ್ಟು ತುಂಬಿ ಬಾಯಿ ಮುಚ್ಚಿಸ್ಯಾನ" ಅಂದರು. ಹಲ್ಲುಚಕ್ರ ಎರಡು ಬದಲಾಯಿಸಿದ್ದಕ್ಕೆ ಮುನ್ನೂರೈವತ್ತು. ಅದಾಗಿ ತಿಂಗಳಿಗೆ ಸೈಲೆನ್ಸರಿನಿಂದ ಇಟ್ಟಿಗೆ ಭಟ್ಟಿಯ ಹೊಗೆ. ಎಂಜಿನ್ನಿನಲ್ಲಿ ಗಟ್ಟಿ ಗೇರ್ ಎಣ್ಣೆ ಹಾಕಿ ಮುಚ್ಚಿಟ್ಟಿದ್ದ ಕಾಯಿಲೆ ಅದು. ರಿಂಗು ಪಿಸ್ಟನ್ನು ಅಂತ ಕೂತರೆ ಒಂಬೈನೂರಕ್ಕೆ ಕಡಿಮೆ ಇಲ್ಲ. ಡೈನಮೊ ಒಂದು ಸಲ, ಕ್ಲಚ್ ಪ್ಲೇಟು ಒಂದು ಸಲ. ದುಡಿದಿದ್ದೆಲ್ಲ ಮತ್ತೆ ಗಾಡಿಯ ಹೊಟ್ಟೆಗೇ ಹಾಕುತ್ತಿದ್ದೆ. ಗಿರಿಜ ಒಂದು ದಿನವೂ ಬಳೆಯ ಮಾತೆತ್ತಲಿಲ್ಲ. ಎತ್ತಿದ್ದರೆ ವಾಸಿ ಇತ್ತು.

ಪ್ರತಿ ಸಲವೂ ನಾನು ಕೆಂಡವಾಗಿ ಹುಣಸೆಮರದ ಬುಡಕ್ಕೆ ಹೋಗಿ, ಹೆಂಡತಿಯ ಬಳೆ ಮಾರಿ ಕೊಂಡ ಗಾಡಿ ಅಂತ ಕೂಗಾಡುತ್ತಿದ್ದೆ. ಅವನು ಪ್ರತಿ ಸಲವೂ ಚಾ ತರಿಸುತ್ತಿದ್ದ.

"ಮರದ ಹೊಟ್ಟು ತುಂಬಿದ್ರಲ್ಲ, ನಾಚಿಕೆ ಆಗಲ್ವೇನ್ರೀ?"

"ಸಂತಿಗಿ ಹೊಡಕೊಂಡು ಬರೋ ಮುಂಚೆ ಎತ್ತಿಗಿ ಹೊಟ್ಟಿ ತುಂಬಾ ಹಿಂಡಿ ಇಡಂಗಿಲ್ಲೇನ್ರಿ? ಇದಕ್ಕ ಇದರ ಹಿಂಡಿ ಇಟ್ಟೀನಿ."

ಸುತ್ತ ಕೂತವರು ಹೋ ಅಂತ ನಗುತ್ತಿದ್ದರು. ಚಾ ಕುಡಿದು ಬಂದುಬಿಡುತ್ತಿದ್ದೆ. ಬೈಯಲು ಹೋದ ಮನೆಯಲ್ಲಿ ಊಟ ಮಾಡಿ ಬರುವ ಜಾತಿ ನನ್ನದು, ಅದನ್ನು ಅವನು ನನ್ನ ಕಾಲು ನೋಡಿದ ದಿನವೇ ತಿಳಿದುಕೊಂಡಿದ್ದ.

ಎಲ್ಲ ರಿಪೇರಿಯಾದ ಮೇಲೂ ಒಂದು ಕಾಯಿಲೆ ಮಾತ್ರ ಹೋಗಲಿಲ್ಲ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗು ಸಡಿಲ ಬಿಟ್ಟರೆ ರಸ್ತೆಯ ಅಂಚಿಗೆ ಹೋಗುತ್ತಿತ್ತು. ಮುಂದಿನ ಎಡಗಡೆ ಟೈರು ಒಳಮಗ್ಗುಲಲ್ಲಿ ಸವೆದು ನಾಲ್ಕು ತಿಂಗಳಿಗೆ ನೂಲು ಕಾಣುತ್ತಿತ್ತು. ದಸ್ತಗೀರ್ ಸಾಬರು ಕಿಂಗ್‌ಪಿನ್ನು ಬದಲಾಯಿಸಿದರು, ಸ್ಪ್ರಿಂಗು ಬದಲಾಯಿಸಿದರು, ದಾರ ಕಟ್ಟಿ ಚಕ್ರದ ಅಳತೆ ನೋಡಿದರು. ಒಂದು ವಾರ ನೆಟ್ಟಗೆ ಓಡುತ್ತಿತ್ತು, ಮತ್ತೆ ಅದೇ ಕಥೆ. ಕೇಳಿದರೆ ದಲ್ಲಾಳಿ, "ಎಡಕ್ಕ ಕಟ್ಟಿ ಕಟ್ಟಿ ಅಭ್ಯಾಸ ಆದ ಎತ್ತು ಅದು. ಬಲಕ್ಕ ಹ್ಯಾಂಗ ಬರ್ತೈತಿ? ನೀವ ಹೊಂದ್ಕೊಂಡು ಹೋಗ್ರಿ" ಅಂದ. ಹೊಂದಿಕೊಂಡೆ. ಬಲಗೈಯಲ್ಲಿ ಸದಾ ಒಂದಿಷ್ಟು ಬಲಕ್ಕೆ ಜಗ್ಗಿ ಹಿಡಿದು ಓಡಿಸುವುದು ರೂಢಿಯಾಯಿತು. ಈಗಲೂ ಆ ತೋಳು ನೋಯುತ್ತದೆ.

ಒಂದು ಸಂಗತಿ ಆಗ ನನಗೆ ವಿಚಿತ್ರ ಅನಿಸಿತ್ತು, ಆದರೆ ಅದರ ಅರ್ಥ ಆಗಿರಲಿಲ್ಲ. ಅವನು ನನ್ನ ಗಾಡಿಗೆ ಹತ್ತುತ್ತಿರಲಿಲ್ಲ. ಬಿಸಿಲಲ್ಲಿ ಸಂತೆಯಿಂದ ಮನೆಗೆ ನಡೆದು ಹೋಗುತ್ತಿದ್ದಾಗ ಎಷ್ಟೋ ಸಲ ಪಕ್ಕದಲ್ಲಿ ನಿಲ್ಲಿಸಿ, ಬನ್ನಿ ಬಿಡ್ತೀನಿ, ದುಡ್ಡೇನೂ ಬೇಡ ಅಂದಿದ್ದೇನೆ. "ನಡಿಯೋದು ಮೈಗೆ ಚಲೋರಿ. ನೀವು ಮೆಲ್ಲಕ ಹೋಗ್ರಿ" ಅನ್ನುತ್ತಿದ್ದ. ಪುಕ್ಕಟೆ ಸಿಕ್ಕಿದರೆ ಬೇಡ ಅನ್ನುವ ಮನುಷ್ಯನೇ ಅಲ್ಲ ಅವನು. ಆದರೂ ಆ 'ಮೆಲ್ಲಕ ಹೋಗ್ರಿ'ಯನ್ನು ನಾನು ಪ್ರೀತಿ ಅಂತಲೇ ತಿಳಿದಿದ್ದೆ. ಕಳ್ಳನೇ ಇರಬಹುದು, ಆದರೂ ಒಳಗೆಲ್ಲೋ ಒಂದು ಮೂಲೆಯಲ್ಲಿ ಮನುಷ್ಯತ್ವ ಇದೆ ಅಂತ ಗಿರಿಜಳ ಹತ್ತಿರ ವಾದ ಮಾಡಿದ್ದೇನೆ.

ಆ ನಂಬಿಕೆಗೆ ಕಾರಣವೂ ಇತ್ತು. ಗಿರಿಜ ಚೊಚ್ಚಲ ಬಸುರಿ, ಉಡುತಡಿಯ ತವರಿನಲ್ಲಿದ್ದಳು. ನೋವು ಶುರುವಾಗಿದೆ ಅಂತ ಸುದ್ದಿ ಬಂದು ನನ್ನ ಗಾಡಿಯಲ್ಲೇ ಶಿಕಾರಿಪುರದ ಆಸ್ಪತ್ರೆಗೆ ತಂದೆ. ಡಾಕ್ಟರು ಕೈಯಿಟ್ಟು ನೋಡಿ, ಮಗು ಅಡ್ಡ ಇದೆ, ಈಗಿಂದೀಗಲೇ ಶಿವಮೊಗ್ಗಕ್ಕೆ ಒಯ್ಯಿರಿ ಅಂದರು. ಅವಳನ್ನು ಮತ್ತೆ ಹಿಂದಿನ ಸೀಟಿನ ಮೇಲೆ ಮಲಗಿಸಿದೆ. ಆಗ ಎಲ್ಲಿಂದಲೋ ಬಂದ ಅವನು. ತನ್ನ ಟವೆಲ್ಲನ್ನೇ ಮಡಚಿ ಅವಳ ತಲೆಯ ಕೆಳಗೆ ಇಟ್ಟ. ತಾನೇ ಬಾಗಿಲು ಹಾಕಿದ. ನನ್ನ ಕಡೆ ಬಂದು, ಕಿಟಕಿಯ ಚೌಕಟ್ಟು ಹಿಡಿದುಕೊಂಡು, "ಅವಸರ ಮಾಡಬ್ಯಾಡ್ರಿ. ಕುಣಿ ಕಂಡಲ್ಲಿ ನಿಧಾನ. ಮೆಲ್ಲಕ ಹೋಗ್ರಿ" ಅಂದ. ಅವತ್ತು ಅವನ ದನಿ ಎತ್ತುಗಳ ಹತ್ತಿರ ಮಾತಾಡುವ ದನಿಯ ಹಾಗಿತ್ತು. ನನಗೆ ಅಳು ಬಂತು. ಶಿವಮೊಗ್ಗ ಮುಟ್ಟಿದೆವು, ಹೆಣ್ಣುಮಗು, ಇಬ್ಬರೂ ಉಳಿದರು. ಬಂದು ಅವನಿಗೆ ಪೇಡೆ ಕೊಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಥೂ! ಈಗಲೂ ನೆನೆಸಿಕೊಂಡರೆ ಕೈ ತೊಳೆದುಕೊಳ್ಳಬೇಕು ಅನಿಸುತ್ತದೆ.

ಮಗುವಿಗೆ ಎರಡು ವರ್ಷ ತುಂಬಿದ ಸುಮಾರಿಗೆ, ಗಾಡಿ ಕೊಂಡು ಮೂರನೇ ವರ್ಷ, ಸಂತೆಯಲ್ಲಿ ಒಂದು ಹೋರಿ ಅವನನ್ನು ಒದೆಯಿತು. ಎತ್ತಿನ ಮನಸ್ಸು ಓದುವವನು ಆ ದಿನ ಯಾಕೋ ಓದಲಿಲ್ಲ. ಬಲ ತೊಡೆಯ ಮೂಳೆ ಮುರಿಯಿತು. ಹೊರಸಿನ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊತ್ತು ತಂದರು. ಅದೇ ಡಾಕ್ಟರು, ಅದೇ ಮಾತು, ಶಿವಮೊಗ್ಗಕ್ಕೆ ಒಯ್ಯಿರಿ. ಮಧ್ಯಾಹ್ನದ ಹೊತ್ತು, ಸ್ಟ್ಯಾಂಡಿನಲ್ಲಿ ಇದ್ದಿದ್ದು ನನ್ನ ಗಾಡಿ ಒಂದೇ. ಅವನ ಹಿರಿಯ ಮಗ ಓಡಿ ಬಂದು ಕರೆದ. ಋಣ ತೀರಿಸುವ ಹೊತ್ತು ಬಂತು ಅಂದುಕೊಂಡು ನಾನೂ ಓಡಿಸಿಕೊಂಡು ಹೋದೆ. ಹಿಂದಿನ ಸೀಟಿನ ಮೇಲೆ ದಿಂಬು ಹಾಸಿದೆ.

ಹೊರಸು ಎತ್ತಿಕೊಂಡು ಹೊರಗೆ ಬಂದರು. ಅವನು ನೋವಿಗೆ ಕಣ್ಣು ಮುಚ್ಚಿದ್ದ. ಬಾಗಿಲ ಹತ್ತಿರ ಬಂದಾಗ ಕಣ್ಣು ತೆಗೆದು ಗಾಡಿ ನೋಡಿದ.

"ಇದು ಬ್ಯಾಡ" ಅಂದ.

"ಅಪ್ಪಾ, ಬ್ಯಾರೆ ಗಾಡಿ ಇಲ್ಲ" ಅಂದ ಮಗ.

"ಬ್ಯಾಡ ಅಂದ್ನಲ್ಲ! ಇಳಸ್ರಿ ನನ್ನ. ಇದರಾಗ ನಾ ಹೋಗಂಗಿಲ್ಲ."

"ನಾನು ಮೆಲ್ಲಗೆ ಹೋಗ್ತೀನಿ ಬನ್ನಿ" ಅಂದೆ ನಾನು. "ಗಿರಿಜನ್ನ ಕರ್ಕೊಂಡು ಹೋದ ಹಾಗೇ ಕರ್ಕೊಂಡು ಹೋಗ್ತೀನಿ."

ಆಗ ನನ್ನ ಕಡೆ ನೋಡಿದ. ನನಗೆ ಗೊತ್ತಿದ್ದ ಹಾಗೆ ಮೊದಲ ಸಲ ಮುಖವನ್ನೇ ನೋಡಿದ. ನೋಡಿ, ಕಣ್ಣು ಕೆಳಗೆ ಮಾಡಿಕೊಂಡು, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋಗದ ಹಾಗೆ ತಡೆದುಕೊಂಡ. ಮುರಿದ ಕಾಲಿನವನು, ಬೆವರು ಕಿತ್ತುಕೊಂಡು ಹರಿಯುತ್ತಿದೆ, ಆದರೂ ಹಿಡಿತ ಬಿಡಲಿಲ್ಲ. ಕೊನೆಗೆ ತೌಡು ತುಂಬಿಕೊಂಡು ಶಿವಮೊಗ್ಗಕ್ಕೆ ಹೊರಟಿದ್ದ ಒಂದು ಲಾರಿ ನಿಲ್ಲಿಸಿ, ಚೀಲದ ಮೇಲೆ ಹೊರಸು ಇಟ್ಟು ಕಳಿಸಿದರು. ಲಾರಿ ಹೋಗುವ ತನಕ ನಾನು ಅಲ್ಲೇ ನಿಂತಿದ್ದೆ. ಆ ಮನುಷ್ಯ ನನಗೆ ಪುಕ್ಕಟೆ ಕೊಟ್ಟಿದ್ದು ಒಂದೇ, ಗಾಡಿಯ ತಳದ ಡಾಂಬರು ಅಂತ ಆಗ ಹೊಳೆಯಿತು.

ಅಲ್ಲಿಂದ ಸೀದಾ ದಸ್ತಗೀರ್ ಸಾಬರ ಶೆಡ್ಡಿಗೆ ಹೋದೆ. "ಈ ಡಾಂಬರು ಕೆರೀರಿ" ಅಂದೆ. ಅವರು ನನ್ನ ಮುಖ ನೋಡಿ ಚಾಣ ತಗೊಂಡು ಗಾಡಿಯ ಕೆಳಗೆ ಹೋದರು. ಮುಂದಿನ ಎಡಗಡೆ ಚಕ್ರದ ಹಿಂದೆ, ಇಡೀ ಮೂತಿಯ ಭಾರ ಹೊರುವ ಚಾಸಿಯ ಮೇಲೆ, ಡಾಂಬರಿನ ಅಡಿಗೆ ಗೋಣಿತಾಟಿನ ಪಟ್ಟಿ ಸುತ್ತಿತ್ತು. ಅದನ್ನು ಕಿತ್ತರೆ ಕೈಬೆರಳು ಹೋಗುವಷ್ಟು ಬಿರುಕು. ಯಾವ ಕಾಲದಲ್ಲೋ ಹಾಕಿದ್ದ ಬೆಸುಗೆ ಮುಕ್ಕಾಲು ಬಿಟ್ಟುಕೊಂಡಿತ್ತು. ಕಾಲುಭಾಗ ಕಬ್ಬಿಣ ಹಿಡಿದುಕೊಂಡಿತ್ತು. ಮೂರು ವರ್ಷ ನಾನು ಹೆಣ್ಣು ನೋಡುವವರನ್ನು, ಬಾಣಂತಿಯರನ್ನು, ಮುದುಕರನ್ನು ಹೊತ್ತುಕೊಂಡು ಓಡಾಡಿದ್ದು, ಗಿರಿಜಳನ್ನು ಶಿವಮೊಗ್ಗಕ್ಕೆ ಒಯ್ದಿದ್ದು, ಎರಡು ಬೆರಳಗಲದ ಆ ಕಬ್ಬಿಣದ ಮೇಲೆ.

"ಯಾ ಅಲ್ಲಾ" ಅಂದರು ದಸ್ತಗೀರ್ ಸಾಬರು. "ದೊಡ್ಡ ಕುಣಿಯೊಳಗ ಒಂದ್ ಸಲ ಧಡ್ ಅಂದಿದ್ರ ಚಕ್ರ ಕಳಚಿ ಹೋಗ್ತಿತ್ರಿ. ಇಷ್ಟ್ ದಿನ ಕೈಯಾಡಿಸೀನಿ, ನನ್ನ ಕಣ್ಣಿಗೆ ಏನಾಗಿತ್ತು?" ಅವರು ಅಲ್ಲೇ ನೆಲದ ಮೇಲೆ ಕೂತು ತಲೆ ಚಚ್ಚಿಕೊಂಡರು. ಆಮೇಲೆ, "ಬೆಸುಗೆ ಹಾಕಬೋದ್ರಿ. ಆದ್ರ ನನ್ನ ಬಾಯಿಂದ ಇದರೊಳಗ ಮಂದಿ ಕೂಡಸ್ರಿ ಅಂತ ಬರೂದಿಲ್ಲ" ಅಂದರು. ಗಾಡಿ ಅವರ ಶೆಡ್ಡಿನಲ್ಲೇ ನಿಂತಿತು.

ಎರಡು ತಿಂಗಳಿಗೆ ಅವನು ಊರುಗೋಲು ಹಿಡಿದುಕೊಂಡು ಹುಣಸೆಮರದ ಬುಡಕ್ಕೆ ವಾಪಸ್ಸು ಬಂದ. ನಾನು ಹೋಗಿ ಎದುರಿಗೆ ನಿಂತೆ. ಈ ಸಲ ಚಾ ಕುಡಿಯಲಿಲ್ಲ.

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಮದ್ಲ ಇದನ್ನ ಇಟ್ಕೊಂಡಿದ್ದ ಕಂಟ್ರಾಕ್ಟರು ಮೋರಿಗೆ ಬಡಿಸಿದ್ದ."

"ನನ್ನ ಹೆಂಡ್ತಿ ಬಸುರಿ. ನೀವೇ ಬಾಗಿಲು ಹಾಕಿದ್ರಿ."

"ಮೆಲ್ಲಕ ಹೋಗ್ರಿ ಅಂದ್ನಲ್ರಿ" ಅಂದ. ನಿಜವಾಗಿ ಬೇಸರಪಟ್ಟುಕೊಂಡ ಹಾಗೆ ಅಂದ. ಅದು ತನ್ನ ದೊಡ್ಡತನ ಅಂತಲೇ ಅವನು ತಿಳಿದಿದ್ದ. "ತಳದಾಗ ಏನೈತಿ ಅಂತ ನೀವು ಕೇಳಿದ್ರ ಹೇಳ್ತಿದ್ದೆ. ನೀವು ಕೇಳ್ಲಿಲ್ಲ. ಎತ್ತಿನ ಮೈಮ್ಯಾಲಿನ ಸುಳಿ ನೋಡೂದು ತಗೊಳ್ಳೋನ ಕೆಲಸ. ಕೊಡೋನು ಬಾಯಿಬಿಟ್ಟು ಎತ್ತಿನ ಐಬು ಹೇಳೂದು ಎಲ್ಲೈತ್ರಿ?"

ಹೊಡೆಯಬೇಕು ಅಂತಲೇ ಹೋಗಿದ್ದೆ. ಊರುಗೋಲು ಹಿಡಿದವನ ಮೇಲೆ ಕೈಯೇಳಲಿಲ್ಲ. ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು ಹೇಳಿದ, "ಹೋಗ್ಲಿ ಬಿಡ್ರಿ. ಮತ್ತೊಂದ್ ಕೈ ಡಾಂಬರು ಬಳಿಸಿ ತರ್ರಿ. ಗಿರಾಕಿ ನಾ ಹಚ್ತೀನಿ. ನಿಮ್ಮ ಹೆಂಡ್ತಿ ಕೈಬಳಿ ನಿಮಗ ವಾಪಸ್ ಬರ್ತಾವ."

ಕೇಳಿ ಉಗಿದು ಬರಬೇಕಿತ್ತು. ನಾನು ಏನು ಮಾಡಿದೆ ಅಂತ ಬರೆಯುವುದಕ್ಕೇ ಇಷ್ಟು ದೂರ ಬಂದಿದ್ದೇನೆ. ಗುಜರಿಯವನು ಎಂಟುನೂರು ಕೊಡುತ್ತೇನೆ ಅಂದಿದ್ದ. ಮನೆಯಲ್ಲಿ ಗಿರಿಜ, ಕೂಸು, ಬರಿಗೈ, ಬರಿಗೊರಳು. ನಾನು ಡಾಂಬರು ತಂದೆ. ದಸ್ತಗೀರ್ ಸಾಬರು ಮುಟ್ಟುವುದಿಲ್ಲ ಅಂದರು, ಅವರ ಶೆಡ್ಡಿನಿಂದ ಹೊರಗೆ ತಳ್ಳಿಕೊಂಡು ಹೋಗಿ ನನ್ನ ಕೈಯಾರ ನಾನೇ ಬಳಿದೆ.

ಗಿರಾಕಿ ಕುಬಟೂರಿನವನು. ಗದ್ದೆ ಮಾಡಿಕೊಂಡಿದ್ದವನು, ಟ್ಯಾಕ್ಸಿ ಇಡಬೇಕು ಅಂತ ಆಸೆ. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅವಳು ನೋಡಲಿ ಅಂತ ಹಿಂದಿನ ಬಾಗಿಲು ತೆಗೆದರೆ ಒಳಗೆ ಹೋಗಿ ಕೂತೇಬಿಟ್ಟಳು. ನಾನು, ಆ ಗಿರಾಕಿ ಕೈಗೆ ಕೈ ಕೊಟ್ಟೆವು. ದಲ್ಲಾಳಿ ತನ್ನ ಕೆಂಪಂಚಿನ ಟವೆಲ್ಲು ಮೇಲೆ ಹಾಕಿದ. ಒಳಗೆ ಕುಬಟೂರಿನವನ ಕೈ ಒದ್ದೆಯಾಗಿತ್ತು. ನನ್ನ ನಾಲ್ಕು ಬೆರಳು ಹಿಡಿದ, ಬಿಟ್ಟ, ಮತ್ತೆ ಹಿಡಿದ. ಒಂದು ಬೆರಳು ಅಂದರೆ ಎಷ್ಟು ಅಂತ ಅವನಿಗೂ ಸರಿಯಾಗಿ ಗೊತ್ತಿಲ್ಲ ಅಂತ ನನಗೆ ತಿಳಿದುಹೋಯಿತು. ಹೇಳಲು ನಾಚಿಕೆ ಅವನಿಗೂ.

ಕೂಡಲೇ ಕೈ ಎಳೆದುಕೊಂಡೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಎಳೆದುಕೊಳ್ಳಲಿಲ್ಲ. ಆ ಬೆರಳುಗಳನ್ನು ಹಿಡಿದುಕೊಂಡೇ ಇದ್ದೆ. ನಾಲ್ಕು ಸಾವಿರ, ಬಳೆ, ಸರ, ಎಲ್ಲ ಕಣ್ಣಿನ ಮುಂದೆ ಬಂತು. ಇನ್ನೊಂದು ಒತ್ತಿದರೆ ಐದೂ ಆಗಬಹುದು ಅಂತಲೂ ಅನಿಸಿತು. ಅಷ್ಟರಲ್ಲಿ ಒಳಗಿನಿಂದ ಆ ಹೆಂಗಸು, "ಸೀಟು ಭಾಳ ಮೆತ್ತಗೈತ್ರಿ, ಬಾಣಂತಿ ಮಲಗಬೋದು" ಅಂತ ಗಂಡನಿಗೆ ಹೇಳಿ ನಕ್ಕಳು.

"ಚಾಸಿ ಮುರಿದಿದೆ" ಅಂದೆ.

ಟವೆಲ್ಲಿನ ಕೆಳಗೆ ಕೈಯಿಟ್ಟು ಬಾಯಿಬಿಟ್ಟವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನಾನು ಇನ್ನೂ ಜೋರಾಗಿ ಹೇಳಿದೆ, "ಎಡಗಡೆ ಚಾಸಿ ಬಿರುಕು ಬಿಟ್ಟಿದೆ. ಡಾಂಬರು ನಾನೇ ಬಳಿದಿದ್ದು. ಇಳೀರಮ್ಮಾ ಕೆಳಗೆ."

ಕುಬಟೂರಿನವನು ಕೈ ಕಿತ್ತುಕೊಂಡ. ಥ್ಯಾಂಕ್ಸ್ ಹೇಳಲಿಲ್ಲ. "ಮುರದ ಗಾಡಿ ಒಳಗೆ ಹೆಂಗಸ್ರನ್ನ ಬ್ಯಾರೆ ಕೂರಿಸ್ಬೇಕಿತ್ತಾ ನಿಮಗೆ?" ಅಂತ ನನಗೇ ಬೈದು ಹೆಂಡತಿಯನ್ನು ಕರೆದುಕೊಂಡು ಹೋದ. ದಲ್ಲಾಳಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹೇಸಿಗೆ ತುಳಿದವನ ಹಾಗೆ ಮುಖ ಮಾಡಿ, "ಥೂ, ಸಂತಿ ಮಾನ ಕಳದ್ರಿ" ಅಂದ. ಸುತ್ತ ನಿಂತವರೂ ಅವನ ಮಾತಿಗೇ ತಲೆಯಾಡಿಸಿದರು. ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಅವನೇ ಬಿಟ್ಟ, ನಾನಲ್ಲ!

ಗಾಡಿ ಎಂಟುನೂರಕ್ಕೆ ಗುಜರಿಗೆ ಹೋಯಿತು. ನಾನು ಮತ್ತೆ ಬಸ್ಸಿನ ಸ್ಟೇರಿಂಗು ಹಿಡಿದೆ, ಮುದುಕನಾಗುವ ತನಕ ಬಿಡಲಿಲ್ಲ. ಗಿರಿಜಳ ಬಳೆ ಮಗಳ ಮದುವೆಯ ಹೊತ್ತಿಗೆ ಎರಡು ಬಂತು, ಇನ್ನೆರಡು ಬರಲಿಲ್ಲ.

ಮೊನ್ನೆ ಗಿರಿಜಳ ಒತ್ತಾಯಕ್ಕೆ ಅವನ ಮನೆಗೆ ಹೋಗಿ ಬಂದೆ. ಹಿತ್ತಲಲ್ಲಿ ಅರ್ಧ ಮಣ್ಣಿನಲ್ಲಿ ಹೂತ ನನ್ನ ಸ್ಟೆಪ್ನಿ ಚಕ್ರ ಇತ್ತು. ರಬ್ಬರೆಲ್ಲ ಸೀಳಿ ಹೋಗಿತ್ತು, ಅದಕ್ಕೊಂದು ಎಮ್ಮೆಗರು ಕಟ್ಟಿದ್ದರು. ಹಿರಿಯ ಮಗ ಪಾಪ ಒಳ್ಳೆಯವನು, ಚಾ ತರಿಸಿದ. ಅಪ್ಪನ ವಿಷಯ ಮಾತಾಡು ಮಾತಾಡುತ್ತಾ, ನನಗೆ ಸಂತೋಷವಾಗಲಿ ಅಂತಲೇ ಹೇಳಿದ:

"ಅಪ್ಪ ನಿಮ್ಮನ್ನ ಭಾಳ ಸಲ ನೆನಸ್ತಿದ್ರು ನೋಡ್ರಿ. ಆ ಸೊರಬದ ಡ್ರೈವರು ಮನಶ್ಯಾ ಒಳ್ಳೆಯವನ, ಏನೂ ಅನ್ನಂಗಿಲ್ಲ. ಆದ್ರ ವ್ಯಾಪಾರದಾಗ ಮಾತ್ರ ನಂಬಬ್ಯಾಡ್ರಿ ಅಂತಿದ್ರು."

"ಹೌದಪ್ಪ, ನಿಜ" ಅಂದೆ. ಆ ಮನೆಯ ಚಾ ಹಾಗೇ ಬಿಟ್ಟು ಎದ್ದು ಬಂದೆ.